ಡೆಸಿಲೀಟರ್ ಮಹೋದಯರ ದರ್ಶನ ಕೋರಿ

ಲೀಟರಿನ ಹತ್ತನೇ ಒಂದು ಪಾಲಾಗಿ, ನೂರು ಮಿಲಿಲೀಟರುಗಳ ಯಜಮಾನರಾಗಿ ವಿರಾಜಿಸುತ್ತಿರುವ ಮಾನ್ಯ ಡೆಸಿಲೀಟರ್ ಮಹೋದಯರೇ,

ಹಾಸ್ಟೆಲಿನ ಎರಡನೇ ಮಹಡಿಯಿಂದ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕೆಲಸವೇ ಇಲ್ಲದವರ ಕ್ಷೇಮಕ್ಕೇನು ಕೊರತೆ?

ಹಾಲಿನ ಪ್ಯಾಕೆಟ್ಟಿನ ಮೇಲೆ ಮಿಲಿಲೀಟರ್ ಇದೆ, ಬಕೆಟ್ಟಿನ ತಳದಲ್ಲಿ ಲೀಟರ್ ಇದೆ, ನೀರಿನ ಟ್ಯಾಂಕರಿನ ಬೆನ್ನ ಮೇಲೆ ಕಿಲೋಲೀಟರ್ ಕೂಡ ಇದೆ. ಅಂಗಡಿ, ಅಡುಗೆಮನೆ, ಬಚ್ಚಲು ಎಲ್ಲೂ ಮುಖ ತೋರಿಸದೆ ನೇರವಾಗಿ ಪ್ರಶ್ನೆಪತ್ರಿಕೆಯಲ್ಲೇ ಪ್ರತ್ಯಕ್ಷರಾಗುವ ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಸಾಲದು.

ಕಳೆದ ವಾರ ಲ್ಯಾಬಿನಲ್ಲಿ ಎರಡು ಡೆಸಿಲೀಟರ್ ನೀರು ತರಲು ಹೇಳಿದಾಗ, ಎಷ್ಟು ಸೊನ್ನೆ ಸೇರಿಸಬೇಕೋ ತಿಳಿಯದೆ, ಟೆನ್ಷನ್ನಿನಲ್ಲಿ ಇಪ್ಪತ್ತು ಮಿಲಿಲೀಟರನ್ನು ಎರಡೂ ಕೈಯಲ್ಲಿ ಹಿಡಿದು ಭಕ್ತಿಯಿಂದ ಒಯ್ದೆ. ಮೇಡಂ ನೋಡಿ, "ಏನಮ್ಮಾ, ಗುಬ್ಬಿಗೆ ನೀರಿಡ್ತಿದ್ದೀಯಾ?" ಎಂದರು. ಅಂದಿನಿಂದ ಇಡೀ ಬ್ಯಾಚಿಗೆ ನಾನೇ ಗುಬ್ಬಿ. ಸೋಮವಾರದ ರೀಟೆಸ್ಟಿನಲ್ಲೂ ತಪ್ಪಿದರೆ ಈ ಸೆಮಿಸ್ಟರ್ ಪೂರ್ತಿ ನನಗೆ ಪ್ರಯೋಗವಿಲ್ಲವಂತೆ, ಬೇರೆಯವರ ಬೀಕರ್ ತೊಳೆಯುವುದೇ ಪ್ರಾಕ್ಟಿಕಲ್ ಅಂತೆ.

ಮೂರು ದಿನದಿಂದ ಊಟ ತಿಂಡಿಯ ನಡುವೆಯೂ ತಮ್ಮ ನಾಮವನ್ನೇ ಜಪಿಸುತ್ತಿದ್ದೇನೆ; ಲೆಕ್ಕ ಬಾಯಿಪಾಠವಾದರೂ ತಾವು ಕಣ್ಣಿಗೆ ಕಟ್ಟುತ್ತಿಲ್ಲ. "ಲೇ ಗುಬ್ಬಿ, ಯಾರೇ ಅದು ಡೆಸಿಲೀಟರ್? ಒಂದ್ಸಲ ನಂಗೂ ತೋರ್ಸೇ" ಎನ್ನುತ್ತಾಳೆ ರೂಮ್‌ಮೇಟ್. ಆದ್ದರಿಂದ ತಾವು ದಯಮಾಡಿ ನಮ್ಮ ಮೆಸ್ಸಿಗೆ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಐದು ನಿಮಿಷ ಕುಳಿತು ದರ್ಶನ ಕೊಡಬೇಕು. ಅದಾಗದಿದ್ದರೆ ಸೋಮವಾರ ರಜೆ ಹಾಕಿ, ತಮ್ಮ ಬದಲಿಗೆ ಮಿಲಿಲೀಟರನ್ನು ಕಳುಹಿಸಬೇಕು. ನೂರು ಜನ ಬರಬೇಕಾದೀತು. ಬರಲಿ, ಬೆಂಚುಗಳನ್ನು ಸರಿಸಿ ಜಾಗ ಮಾಡುತ್ತೇನೆ.

ತಮ್ಮ ವಿಶ್ವಾಸಿ (ಇನ್ನೂ ದರ್ಶನಭಾಗ್ಯವಿಲ್ಲದ),
ಗುಬ್ಬಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲೇ ತಾವು ಸಿಕ್ಕಿಬಿದ್ದಿರಿ. ಮೆಸ್ಸಿನಲ್ಲಿ ಅಡುಗೆ ಮಾಮ ಹಾಲು ಬಡಿಸುವ ಸೌಟನ್ನು ಕೇಳಿ ತೆಗೆದುಕೊಂಡು, ನನ್ನ ಒಂದು ಲೀಟರ್ ಬಾಟಲಿಗೆ ನೀರು ತುಂಬಿ ನೋಡಿದೆ. ಸರಿಯಾಗಿ ಹತ್ತು ಸೌಟು! ಸೋಮವಾರ ಮೂರೂವರೆ ಲೀಟರಿಗೆ ಎಷ್ಟು ಡೆಸಿಲೀಟರ್ ಎಂದಾಗ, ಕಣ್ಣು ಮುಚ್ಚಿ ಸೌಟನ್ನು ನೆನೆದು ಮೂವತ್ತೈದು ಎಂದೆ, ಪಾಸಾದೆ. ಆ ಖುಷಿಯಲ್ಲಿ ಓಡಿಹೋಗಿ ಸೌಟಿನ ಗುಟ್ಟನ್ನು ಮಾಮನಿಗೆ ಹೇಳಿದ್ದೇ ತಪ್ಪಾಯಿತು. ಇಷ್ಟು ದಿನ ಎರಡು ಸೌಟಿನ ಮೇಲೆ "ಇನ್ನೊಂಚೂರು ಕುಡಿ ಪುಟ್ಟಿ, ಕಡ್ಡಿ ಥರ ಇದ್ದೀಯ" ಎಂದು ಸುರಿಯುತ್ತಿದ್ದವರು, ಇಂದು ಬೆಳಿಗ್ಗೆ ಸೌಟಿನ ಅಂಚಿಗೆ ಕಣ್ಣಿಟ್ಟು, ಒಂದು ಹನಿಯೂ ಹೆಚ್ಚಾಗದಂತೆ ಅಳೆದು ಹಾಕಿ, "ಎರಡು ಡೆಸಿಲೀಟರ್. ಲೆಕ್ಕ ಸರೀಗಿದೆ ತಾನೇ, ಗುಬ್ಬಿ ಮೇಡಂ?" ಎಂದರು.