ಸುಸ್ತು ಉಂಟು, ನಂಬುವವರಿಲ್ಲ

ಬಂದರಿನ ವ್ಯಾಪಾರಿಗೆ ಕಾಯಿಲೆ ಬಂದರೂ ಅದರ ಹಿಂದೆ ಏನೋ ಲೆಕ್ಕಾಚಾರ ಉಂಟು ಎಂದೇ ಜನ ತಿಳಿಯುತ್ತಾರೆ. ತಪ್ಪಲ್ಲ, ನಾನೂ ಹಾಗೆ ತಿಳಿಯುವವನೇ. ಒಣಮೆಣಸಿನ ಗೋದಾಮು ನಡೆಸಿ ಗಡ್ಡ ಬೆಳ್ಳಗಾಗಿದೆ. ಗೋಣಿಯ ಬಾಯಲ್ಲಿ ಕಂಡ ಮಾಲೇ ತಳದಲ್ಲೂ ಇರುತ್ತದೆಂದು ಒಂದು ದಿನವೂ ನಂಬಿದವನಲ್ಲ. ಮೊನ್ನೆ ಮಳೆ ಬಿಡುವ ಹೊತ್ತಿಗೆ ನನಗೆ ವೈರಲ್ ಜ್ವರ ಬಂತು. ಜ್ವರ ಬೇಗ ಹೋಯಿತು. ಸುಸ್ತು ಮಾತ್ರ ಹೋಗಲಿಲ್ಲ. ಅಲ್ಲಿಂದ ಒಂದರ ಹಿಂದೆ ಒಂದು ಫಜೀತಿ.

ಮದ್ದು ಕೊಡದ ಡಾಕ್ಟರ್

ಮುಖ ತೊಳೆದರೆ ಕೂರಬೇಕು, ಕೂತರೆ ಮಲಗಬೇಕು ಅನಿಸುತ್ತಿತ್ತು. ಕೊಟ್ಟಾರದ ಡಾಕ್ಟರರ ಹತ್ತಿರ ಹೋದೆ. ಅವರು ರಕ್ತ, ಸಕ್ಕರೆ, ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿ, "ಎಲ್ಲ ನಾರ್ಮಲ್ ಉಂಟು" ಎಂದರು.

"ನಾರ್ಮಲ್ ಆದರೆ ನಾನು ಯಾಕೆ ಗೋಡೆ ಹಿಡಿದು ನಡೀತೇನೆ?"

"ವೈರಲ್ ಆದ ಮೇಲೆ ಕೆಲವರಿಗೆ ಹೀಗಾಗ್ತದೆ. ತಿಂಗಳುಗಟ್ಟಲೆ ಎಳೆಯುವುದೂ ಉಂಟು. ಕೆಲಸವನ್ನು ತುಂಡು ತುಂಡು ಮಾಡಿ. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಕೂರಬೇಕು. ಮಧ್ಯಾಹ್ನ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ. ಮೈ ಹಗುರ ಅನಿಸಿದ ದಿನ ಇನ್ನೂ ಜಾಗ್ರತೆ."

"ಮದ್ದು?"

"ಬೇಡ."

"ಟಾನಿಕ್ಕಾದರೂ?"

"ಬೇಡ ಮಾರಾಯ್ರೇ!"

ಹೊರಗೆ ಬಂದು ಹೆಂಡತಿಗೆ ಹೇಳಿದೆ: "ಇವರಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದರೆ ಏನಾದರೂ ಬರೆಯುತ್ತಿದ್ದರು."

"ಹೋದ ಸಲ ಮದ್ದು ಬರೆದವರಿಗೆ ಕಮಿಷನ್ ಉಂಟು ಅಂದ್ರಿ. ಇವರು ಬರೆಯದಿದ್ದರೆ ಕಲಿತಿಲ್ಲ ಅಂತೀರಿ. ನಿಮಗೆ ಹಿಡಿಸಬೇಕಾದರೆ ಡಾಕ್ಟರ್ ಚೀಟಿ ಬರೆದು, ಅವರೇ ಹರಿದು ಬಿಸಾಡಬೇಕು."

ಮೈ ಹಗುರಾದ ದಿನ

ಒಂದು ಬೆಳಿಗ್ಗೆ ಎದ್ದಾಗ ಸುಸ್ತೇ ಇಲ್ಲ. ಜಾಗ್ರತೆ ಎಂದ ಡಾಕ್ಟರರ ಮೇಲೆ ಅನುಮಾನ ಬಂತು: ಗಿರಾಕಿ ಕೈತಪ್ಪದಿರಲಿ ಎಂದು ಹೇಳಿದ್ದೋ ಏನೋ. ಮೆಣಸಿಗೆ ತೇವ ಹಿಡಿದಿದೆಯೇ ನೋಡಲು ಗೋಣಿ ರಾಶಿಯ ತುದಿವರೆಗೆ ಹತ್ತಿದೆ. ಹಾಗೆಯೇ ಮೀನು ಮಾರ್ಕೆಟಿಗೆ ನಡೆದು, ಮಾರುವ ಹೆಂಗಸಿನೊಡನೆ ಗಂಟಲು ಹರಿಯುವಷ್ಟು ರೇಟಿನ ಚರ್ಚೆ ಮಾಡಿ ಒಂದು ಅಂಜಲ್ ಮೀನು ತಂದೆ.

ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ.

"ನಿನ್ನೆ ಗೋಣಿ ಹತ್ತಿದವರಿಗೆ ಇವತ್ತು ಬಾಚಣಿಗೆ ಎತ್ತಲಿಕ್ಕೆ ಆಗುವುದಿಲ್ವಾ?" ಎಂದಳು ಹೆಂಡತಿ. ಬಣ್ಣ ಹಾಕಿದ ಮೆಣಸನ್ನು ನಾನು ನೋಡುವ ಹಾಗೆ ನೋಡಿದಳು.

"ಆಣೆ ಮಾಡಿ ಹೇಳ್ತೇನೆ, ಕೈ ಏಳುವುದಿಲ್ಲ."

"ಹಾಗಾದರೆ ಅಂಜಲ್ ಸಾರನ್ನು ತಂಗಿ ಮನೆಗೆ ಕಳಿಸ್ತೇನೆ."

"ಇಲ್ಲೇ ಇರಲಿ. ಸುಸ್ತು ಬಾಯಿಯ ತನಕ ಬರಲಿಲ್ಲ."

ಎಳನೀರು ತಂದವನು

ಮರುದಿನದಿಂದ ಡಾಕ್ಟರ್ ಹೇಳಿದಂತೆ ನಡೆದೆ. ಊಟವಾದ ಮೇಲೆ ಶಟರ್ ಅರ್ಧ ಇಳಿಸಿ, ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುವುದು. ಪಕ್ಕದ ಗೋದಾಮಿನವ ಎಳನೀರು ಹಿಡಿದುಕೊಂಡು ಬಂದ. ಅವನದೂ ಮೆಣಸೇ.

"ಎಂತ ಹಾಜಿಯವರೇ, ಮುಖ ಇಳಿದಿದೆ!" ಎಂದ. ನೋಡಿದ್ದು ಮಾತ್ರ ಮುಖವನ್ನಲ್ಲ, ನನ್ನ ಗೋಣಿಗಳನ್ನು. ವೈರಸ್ಸಿನ ಸುಸ್ತು ಎಂದೆ.

ಸಂಜೆಯೊಳಗೆ ಬಂದರಿಡೀ ಸುದ್ದಿ: ಹಾಜಿಗೆ ಸುಸ್ತಲ್ಲ, ವ್ಯಾಪಾರ ಮುಗಿಸುತ್ತಿದ್ದಾರೆ.

ಇದು ನಗುವ ಮಾತಲ್ಲ. ಘಟ್ಟದ ಮೇಲಿನ ಬ್ಯಾಡಗಿ ಮೆಣಸಿನ ದೊಡ್ಡ ಪಾರ್ಟಿ, ಅಂದರೆ ಮಾಲು ಕಳಿಸುವ ಸಾಹುಕಾರರು, ಹೊಸ ಬೆಳೆಯನ್ನೆಲ್ಲ ನನ್ನ ಗೋದಾಮಿನಲ್ಲೇ ಇಳಿಸುವುದು. ನಾನು ಮಾರಿಸಿ ಕಮಿಷನ್ ತೆಗೆಯುವುದು, ಗೋದಾಮಿನ ಬಾಡಿಗೆ ಅವರದ್ದು. ಅವರು ಕೈಬಿಟ್ಟರೆ ನನ್ನ ಇಡೀ ವರ್ಷ ಖಾಲಿ. ಅವರಿಗೂ ಸುದ್ದಿ ಮುಟ್ಟಿ, ಕಣ್ಣಾರೆ ನೋಡಲು ಬರುತ್ತೇನೆಂದು ಫೋನ್ ಮಾಡಿದರು. ಆ ಎಳನೀರನ್ನು ನಾನು ಇನ್ನೂ ಕುಡಿದಿಲ್ಲ.

ಪಾರ್ಟಿ ಬಂದ ಮಧ್ಯಾಹ್ನ

ಗಟ್ಟಿಯಾಗಿ ಕಾಣಬೇಕೆಂದು ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತೆ, ಬಂದವರಿಗೆಲ್ಲ ದೊಡ್ಡ ದನಿಯಲ್ಲಿ ಸಲಾಂ ಹೇಳಿದೆ. ಪಾರ್ಟಿಯ ಮಹಾರಾಯರು ಮೊದಲು ಹೋದದ್ದು ಪಕ್ಕದವನ ಹತ್ತಿರ. ನನ್ನಲ್ಲಿಗೆ ಬರುವಾಗ ಊಟದ ಹೊತ್ತು ದಾಟಿ, ಇದ್ದ ಬಲವೆಲ್ಲ ಮುಗಿದು, ನಾನು ಕುರ್ಚಿಗೆ ಬಿದ್ದಾಗಿತ್ತು.

"ಗೋದಾಮಿನ ಬಾಡಿಗಿ ಈ ಸಲ ನೀವ ನೋಡ್ಕೋರಿ" ಎಂದರು.

ಹೂಂ ಎನ್ನಬೇಕು ಎಂದುಕೊಂಡೆ. ಹೂಂ ಎನ್ನಲೂ ಶಕ್ತಿ ಬೇಕಲ್ಲ! ಕಣ್ಣು ಮುಚ್ಚಿಕೊಂಡಿತು.

"ಆತ ಬಿಡ್ರಿ, ಅರ್ಧಾ ನಂದು."

ತಲೆ ಆಡಿಸಲು ನೋಡಿದೆ. ತಲೆ ಕೇಳಲಿಲ್ಲ.

"ಪೂರಾ ನಂದ! ಕಮಿಷನ್ನೂ ಒಂದೀಟು ಹೆಚ್ಗಿ ಹಿಡೀರಿ. ಇನ್ನರ ಕಣ್ಣು ತೆಗೀರಿ, ಮಾರಾಯ್ರ!"

ಗಾಬರಿಯಲ್ಲಿ ಕಣ್ಣು ತೆರೆದೆ. ಅವರು ಎದ್ದು ನಿಂತಿದ್ದರು. ಕಥೆ ಮುಗಿಯಿತು ಎಂದುಕೊಂಡೆ.

"ಬಾಜೂದವ್ರು ನಾ ಬಾಯಿ ತೆಗೆಯೂದ್ರಾಗ ಹೂಂ ಅಂದ್ರು" ಎಂದರು. "ನನಗ ಅಷ್ಟ ಲಗೂ ಹೂಂ ಅನ್ನಾವ್ರು ಗಿರಾಕಿಗೂ ಅಷ್ಟ ಲಗೂ ಹೂಂ ಅಂತಾರ. ನಿಮ್ಮಂಗ ಜಗ್ಗದವ್ರ ಹತ್ರನ ನನ್ನ ಮಾಲು ಇರ್ಲಿ."

ಮೂರು ಲಾರಿ ಮಾಲು ಬಂದು ಇಳಿಯಿತು. ಮಾರನೆಯ ಮಧ್ಯಾಹ್ನ ಪಕ್ಕದವನೂ ಶಟರ್ ಅರ್ಧ ಇಳಿಸಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದ. ಅವನನ್ನು ನೋಡಿ ಎದುರಿನ ಬೆಲ್ಲದವರು, ಅವರನ್ನು ನೋಡಿ ಹುಣಸೆಹಣ್ಣಿನವರು. ಇಡೀ ಬೀದಿ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನನ್ನನ್ನು ನೋಡುತ್ತಿತ್ತು. ಆದರೂ ಯಾರ ಪಾರ್ಟಿಯೂ ಬಗ್ಗಲಿಲ್ಲ.

ಕೊನೆಗೆ ಪಕ್ಕದವನು ಒಂದು ದಿನ ಶಟರಿನಡಿಯಿಂದ ನುಸುಳಿ ಬಂದ. ಅತ್ತಿತ್ತ ನೋಡಿ, ಕುರ್ಚಿ ಹತ್ತಿರ ಎಳೆದು, ದನಿ ತಗ್ಗಿಸಿ ಕೇಳಿದ:

"ಹಾಜಿಯವರೇ, ನಮ್ಮೊಳಗೇ ಇರಲಿ, ನಿಜ ಹೇಳಿ. ಆ ವೈರಸ್ ನಿಮಗೆ ಯಾವ ಪಾರ್ಟಿಯಿಂದ ಬಂದದ್ದು?"