ಹುಲಿಮುಖದ ಸೈಟಿಗೆ ಒಂದು ಪ್ಲಾನು

ಪಾಂಡವಪುರದಲ್ಲಿ ಮನೆ ಪ್ಲಾನು ಬರೆಯುವ ಕಸುಬು ಹಿಡಿದವನು ನಗಬೇಕೆಂದು ನಾಟಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಜನ ಮೊದಲು ಸೈಟು ಕೊಳ್ಳುತ್ತಾರೆ, ಆಮೇಲೆ ಅದರ ಆಕಾರ ನೋಡುತ್ತಾರೆ. ತೊಂಬತ್ತರ ದಶಕದಲ್ಲಿ ಇದಕ್ಕೆ ವಾಸ್ತುವಿನ ಹುಚ್ಚೂ ಸೇರಿಕೊಂಡು ನನ್ನ ಬಾಳು ಇನ್ನಷ್ಟು ಸೊಗಸಾಯಿತು. ಒಂದೇ ಮನೆಯ ಕಥೆ ಹೇಳುತ್ತೇನೆ, ಸಾಕು.

ಬೀಗರೂಟದ ಹಜಾರ

ಆ ಸೈಟು ರಸ್ತೆಯ ಕಡೆ ಅಗಲ, ಹಿಂದಿನ ಸಂದಿಯ ಕಡೆ ಚೂಪು. ಸಮೋಸಕ್ಕೂ ಅದಕ್ಕಿಂತ ಮರ್ಯಾದಸ್ಥ ಮೂಲೆಗಳಿರುತ್ತವೆ. ಕೊಂಡವರು ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ, ಊರಲ್ಲಿ ಗದ್ದೆಯೂ ಇದ್ದ ಒಬ್ಬ ಗೌಡರು.

"ಹಜಾರ ದೊಡ್ಡದಾಗಿರ್ಲಿ. ಮಗಳ ಮದ್ವೇಲಿ ಬೀಗರೂಟಕ್ಕೆ ಎರಡು ಪಂಕ್ತಿ ಕೂರ್ಬೇಕು," ಎಂದರು.

"ಮಗಳು ಏನು ಓದ್ತಾ ಇದ್ದಾಳೆ?"

"ಒಂದ್ನೇ ಕ್ಲಾಸು."

ಅಳಿಯನಾಗುವವನು ಎಲ್ಲೋ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದ. ಅವನ ಕಡೆಯವರ ಬಾಡೂಟಕ್ಕೆ ಇಲ್ಲಿ ಜಾಗ ನಿಗದಿಯಾಯಿತು.

ಗೌಡರ ಹೆಂಡತಿ ಕೇಳಿದ್ದು ಒಂದೇ. "ಅಣ್ಣ, ಅಡಿಗೆಮನೇಲಿ ನಂಗೊಂದು ದೊಡ್ಡ ಕಿಟಕಿ ಮಡುಗ್ಕೊಡಿ. ಬಾಡಿಗೆ ಮನೇಲಿ ಹೊಗೆ ಕುಡ್ದೂ ಕುಡ್ದೂ ಕಣ್ಣೇ ಹೋಗವೆ."

ನನಗೆ ನಿಜಕ್ಕೂ ಸಂಕಟವಾಯಿತು. ರಸ್ತೆಯ ಕಡೆಗೆ ಅಡಿಗೆಮನೆ ಇಟ್ಟು ದೊಡ್ಡ ಕಿಟಕಿ ಬರೆದೆ. ಗೌಡರು ಪ್ಲಾನು ನೋಡಿ ಅಡಿಗೆಮನೆಯ ಅರ್ಧವನ್ನು ಹಜಾರಕ್ಕೆ ಸೇರಿಸಿದರು.

"ತಿನ್ನೋರಿಗೆ ಜಾಗ ಬೇಕು ಕಣಪ್ಪ. ಬೇಯ್ಸೋರಿಗ್ಯಾಕೆ?"

ಮನೆ ಮುಖ ತಿರುಗಿಸಿತು

ನಾಗಮಂಗಲದ ಕಡೆಯಿಂದ ವಾಸ್ತು ಪಂಡಿತರು ಬಂದರು. ಸೈಟಿನ ನಡುವೆ ದಿಕ್ಸೂಚಿ ಇಟ್ಟು ತಲೆ ಅಲ್ಲಾಡಿಸಿದರು.

"ಮುಂದೆ ಅಗಲ, ಹಿಂದೆ ಚೂಪು. ಇದು ಹುಲಿಮುಖ. ವಾಸಕ್ಕೆ ಗೋಮುಖ ಬೇಕು. ಮುಂದೆ ಸಣ್ಣಗಿದ್ದು ಹಿಂದೆ ಅಗಲ ಆಗಬೇಕು."

"ಅಂಗಾರೆ ಸೈಟು ಮಾರ್ಬುಡದಾ ಸ್ವಾಮಿ?" ಎಂದರು ಗೌಡರು.

"ಯಾಕೆ? ಬಾಗಿಲನ್ನ ಸಂದಿ ಕಡೆ ಇಡಿ. ಹಿಂದಿದ್ದದ್ದೇ ಮುಂದಾಗುತ್ತೆ."

ಹೀಗೆ ಒಳ್ಳೆಯ ಟಾರು ರಸ್ತೆಗೆ ಬೆನ್ನು ಹಾಕಿ, ಮನೆ ಚರಂಡಿ ಸಂದಿಯ ಕಡೆಗೆ ಮುಖ ಮಾಡಿತು. ಅಷ್ಟಕ್ಕೇ ಬಿಡಲಿಲ್ಲ. ರಸ್ತೆಯ ಕಡೆ ಒಂದು ತೂತೂ ಇರಕೂಡದಂತೆ, ಇದ್ದರೆ ಹುಲಿ ಬಾಯಿ ತೆರೆದ ಹಾಗಂತೆ. ಕಿಟಕಿ ಹೋಯಿತು. ಆಯಮ್ಮ ನನ್ನ ಮುಖ ನೋಡಿದರು.

"ಗಾಳಿ, ಬೆಳಕು?" ಎಂದೆ.

"ಗೋಮುಖದಲ್ಲಿ ಶಾಂತಿ ತಾನಾಗೇ ಬರುತ್ತೆ."

ಅದು ಬರುವುದಕ್ಕಾದರೂ ಒಂದು ಕಿಟಕಿ ಬೇಡವೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮೇಸ್ತ್ರಿಯ ಅನುಮಾನ

ಶ್ರೀರಂಗಪಟ್ಟಣದ ಸಾಬರು ನಮ್ಮ ಮೇಸ್ತ್ರಿ. ಅಡಿಗೆಮನೆಗೆ ದಾರ ಹಿಡಿದವರು ಹಾಗೇ ನಿಂತರು.

"ಅರೆ ಗೌಡ್ರೇ, ಅಮ್ಮಾವ್ರು ಇದ್ರೊಳಗೆ ಹೋದ್ರೆ ತಿರುಗೋದು ಹೆಂಗೆ?"

"ಯಾಕ್ಲಾ ತಿರುಗ್ಬೇಕು? ಅಂಗೇ ಇಂದಿಂದಕ್ಕೆ ಬತ್ತಾಳೆ ಬುಡು!"

ಗೃಹಪ್ರವೇಶ

ಹೊಸ ಮನೆಯೊಳಗೆ ಮೊದಲು ಹಸು ನುಗ್ಗಬೇಕಲ್ಲ. "ಕಂಡೋರ ಹಸ ಬ್ಯಾಡ," ಎಂದು ಗೌಡರು ತೊಣ್ಣೂರಿನಾಚೆಯ ತಮ್ಮ ಹಟ್ಟಿಯಿಂದಲೇ ಹಳ್ಳಿಕಾರ್ ಹಸು ತರಿಸಿದರು. ಕೊಂಬು ನೋಡಿದರೆ ಕೈ ಮುಗಿಯಬೇಕು, ಹಾಗಿದ್ದವು.

ಸಂದಿ ದಾಟಿತು, ಹಜಾರ ದಾಟಿತು. ಹಿಂದೆಯೇ ಕೆ.ಆರ್. ಪೇಟೆಯ ನೆಂಟರೆಲ್ಲ ನುಗ್ಗಿದರು, ವಾಲಗದವನು ಒಮ್ಮೆಲೇ ಊದಿದ. ಹಸು ಬೆದರಿ ಅಡಿಗೆಮನೆಗೆ ಓಡಿ ಸಿಕ್ಕಿಕೊಂಡಿತು. ತಿರುಗಲು ಜಾಗವಿಲ್ಲ, ಹಿಂದಕ್ಕೆ ಬರಲು ಮನಸ್ಸಿಲ್ಲ.

"ಇಂದಕ್ಕೆ ಬಾರವ್ವ, ನಮ್ಮವ್ವ, ಬಾರೇ!" ಗೌಡರು ಅಂಗಲಾಚಿದರು. ಬಾಲ ಹಿಡಿದ ಬಾಮೈದನಿಗೆ ಒದೆ ಬಿತ್ತು. ಹಸು ಅಲ್ಲೇ ಸಗಣಿಯನ್ನೂ ಹಾಕಿತು. ಪುರೋಹಿತರು "ಶುಭ" ಎಂದರು. "ಆದರೆ ಹಾಲು ಉಕ್ಕಿಸಬೇಕು, ಮುಹೂರ್ತ ಮೀರ್ತಾ ಇದೆ."

"ರಸ್ತೆ ಕಡೆ ಗೋಡೆ ಒಡೆದ್ಬುಡ್ಲಾ?" ಮೇಸ್ತ್ರಿ ಕೇಳಿದರು.

ಎಲ್ಲರೂ ಊಟಕ್ಕೆ ಬಂದಿದ್ದ ಪಂಡಿತರ ಕಡೆ ತಿರುಗಿದರು. ಅವರು ಹಸುವನ್ನು ನೋಡಿದರು, ತಡವಾಗುತ್ತಿದ್ದ ಎಲೆಯನ್ನು ನೆನೆದರು. "ಗೋವಿಗೆ ದೋಷವಿಲ್ಲ," ಎಂದರು.

ಗೋಡೆ ಬಿತ್ತು. ಹಸು ಇಟ್ಟಿಗೆ ತುಳಿದುಕೊಂಡು ಹುಲಿಬಾಯಿಂದ ಗಂಭೀರವಾಗಿ ರಸ್ತೆಗಿಳಿಯಿತು. ಅಡಿಗೆಮನೆಯ ತುಂಬ ಬೆಳಕು ಬಂತು. ಆಯಮ್ಮ ಸಗಣಿ ಬಾಚಿ, ಒಲೆ ಹಚ್ಚಿ, ಹಾಲು ಉಕ್ಕಿಸಿದರು.

"ಸಂಜೆಗೆ ಗೋಡೆ ಮುಚ್ಬುಡು," ಎಂದರು ಗೌಡರು ಮೇಸ್ತ್ರಿಗೆ.

ಆಯಮ್ಮ ಆ ಕಂಡಿಗೆ ಅಡ್ಡವಾಗಿ ನಿಂತರು. "ಮುಚ್ಚಿದ್ರೆ ನೋಡಿ ಮತ್ತೆ!" ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿದರು.

"ನಾನು ಬಾಯಲ್ಲಿ ಕೇಳ್ದೆ, ಆಗ್ನಿಲ್ಲ. ಈ ಮನೇಲಿ ಕಿಟಕಿ ಬೇಕಂದ್ರೆ ಕೊಂಬಿರ್ಬೇಕು ಕಣಣ್ಣ!"