ಸ್ಕೂಟರ್ ಕಲಿಸಿದ ಕೊಡ, ರೊಟ್ಟಿ, ರಂಗೋಲಿ

ನಾ ಸ್ಕೂಟರ್ ಹತ್ತಿದ್ನಂದ್ರ ಓಣಿ ಮಂದಿಗೆ ನಗಾಕ ಏನರ ಒಂದು ಸಿಕ್ಕ ಸಿಗ್ತೈತಿ. ಕಾನಹೊಸಹಳ್ಳಿಯಿಂದ ಗುಡೇಕೋಟೆ ಕಡೆ ಅಂಗನವಾಡಿಗೆ ಹೋಗಾಕ ಬಸ್ಸು ನಂಬಿದ್ರ ಆಗಂಗಿಲ್ಲಂತ ಹಟ ಹಿಡಿದು ಗಾಡಿ ತರಿಸಿದ್ದೆ. ಲೈಸೆನ್ಸ್ ಪರೀಕ್ಷೆದಾಗ ಕಾಲು ನೆಲಕ್ಕ ಊರಿದ್ರ ಫೇಲು. ನಾ ಎರಡು ಸಲ ಊರಿದೆ. “ಮೂರನೇ ಸಲನೂ ಫೇಲಾದ್ರ ಗಾಡಿ ಮಾರೇಬಿಡ್ತೀನಿ,” ಅಂದ್ರು ನಮ್ಮ ಮನಿಯವ್ರು. ಮಾರ್ತಾರಂತ! ಹೊಟ್ಟಿ ಉರೀತು ನನಗ.

ಕೊಡ

ಗಾಡಿ ರಿಪೇರಿ ಮಾಡೋ ಚಾಚಾ ಕಲಿಸಾಕ ಒಪ್ಪಿದ್ರು. “ಟೀಚರಮ್ಮ, ತುಂಬಿದ ಕೊಡ ತಲಿ ಮ್ಯಾಲಿಟ್ಟು ಕೈಬಿಟ್ಟು ನಡೀತೀರಿ, ಗಾಡಿ ಮ್ಯಾಲ ಯಾಕ ವಾಲ್ತೀರಿ? ಎಂಟು ದಿನ ಹೊಲದ ಬದುವಿನ ಮ್ಯಾಲ ಕೊಡ ಹೊತ್ತು ನಡೀರಿ.”

ನಡೆದೆ. ಒಂಬತ್ತನೇ ದಿನ ಗಾಡಿ ಹತ್ತಿದ್ರ, ಅಬ್ಬಬ್ಬಾ, ಅಳ್ಳಾಡ್ಲೇ ಇಲ್ಲ! ಅಷ್ಟ್ರಾಗ ಕಟ್ಟಿ ಮ್ಯಾಲ ಕುಂತಿದ್ದ ದೊಡ್ಡವ್ವ, “ಊಟಾತೇನ?” ಅಂದ್ಲು. ಕೊಡ ಹೊತ್ತೋರು ಬರೇ ಕುತ್ತಿಗಿ ಹೊರಳಿಸ್ತಾರೇನು? ಮೈಯೆಲ್ಲಾ ಹೊರಳಿಸಿದೆ. ಗಾಡಿನೂ ಹೊರಳ್ತು. ಸೀದಾ ಆಕಿ ಅಂಗಳದಾಗ ಒಣಗಾಕಿದ್ದ ಜ್ವಾಳದಾಗ ಹೋಗಿ ನಿಂತೆ.

“ಕೇಳೋದ ತಡ, ಬಂದಬಿಟ್ಟಿ? ಬಾ, ಕೈಕಾಲು ತೊಳ್ಕೋ,” ಅಂದ್ಲು.

ರೊಟ್ಟಿ

ಆಮ್ಯಾಲ ಕೈ ಪಾಠ. “ರೊಟ್ಟಿ ಮಾಡೋವಾಗ ಒಂದು ಕೈ ತಿರುಗಿಸ್ತೈತಿ, ಇನ್ನೊಂದು ಬಡೀತೈತಿ. ಎಕ್ಸಲೇಟ್ರು, ಬ್ರೇಕು ಅಂದ್ರ ಅಷ್ಟರೀ,” ಅಂದ್ರು ಚಾಚಾ.

ಅದನ್ನ ನೆಪ್ಪಿಟ್ಕೊಂಡು ಮನಿಯವ್ರನ್ನ ಹಿಂದ ಕುಂದ್ರಿಸ್ಕೊಂಡು ಹೊಂಟೆ. ಕೈಗೆ ರೊಟ್ಟಿ ತಾಳನ ಹತ್ತಿಬಿಟ್ಟಿತ್ತು. ತಿರುಗಿಸು, ಹಿಡಿ, ತಿರುಗಿಸು, ಹಿಡಿ. ಪ್ರತಿ ಸಲ ಅವ್ರ ಮೂಗು ನನ್ನ ಬೆನ್ನಿಗೆ ಬಡೀತಿತ್ತು.

ಅರ್ಧ ದಾರ್‍ಯಾಗ ಇಳಿದ್ರು. “ನಾ ನಡಕೊಂತ ಬರ್ತೀನಿ. ಇನ್ನಷ್ಟು ಬಡಿದ್ರ ಹಂಚಿಗೆ ಹಾಕೋದೊಂದ ಬಾಕಿ!”

ರಂಗೋಲಿ

ಕಡೀಗೆ ಎಂಟು ಸುತ್ತೋದು, ಅಂದ್ರ 8 ಅಂಕಿ ಬರದಂಗ ಗಾಡಿ ತಿರುಗಿಸೋದು. ಚಾಚಾ ನಮ್ಮ ಬಾಗಿಲ ಮುಂದಿನ ರಂಗೋಲಿ ತೋರಿಸಿ, “ಕೈಲೆ ಇಷ್ಟು ಚೆಂದ ಸುತ್ತೋರು, ಇದನ್ನ ಮೊದ್ಲ ಕಾಲ್ಲೆ, ಆಮ್ಯಾಲ ಗಾಲಿಲೆ ಸುತ್ರಿ,” ಅಂದ್ರು. ದಿನಾ ದೊಡ್ಡದೊಂದು ರಂಗೋಲಿ ಹಾಕಿ, ಅದರ ಎಳಿ ಗುಂಟ ಹೆಜ್ಜಿಗೆ ಹೆಜ್ಜಿ ಕೂಡಿಸಿ ನಡೆದೆ.

ಹಗರಿಬೊಮ್ಮನಹಳ್ಳಿಯೊಳಗ ಪರೀಕ್ಷೆ. ಮೈದಾನದಾಗ ಬಿಳಿ ಪುಡೀಲೆ ಎಂಟು ಬರದಿದ್ರು. ನೋಡಿ ಜೀವ ಹಗುರಾತು. ಒಂದು ಸುತ್ತು ಮುಗೀತು, ಕಾಲು ಊರ್ಲಿಲ್ಲ! ಆದ್ರ ಕೈ ನಿಲ್ಲವಲ್ದು. ಅಡ್ಡ ಇನ್ನೊಂದು ಎಂಟು ಹಾಕಿದ್ರ ನಾಕು ದಳದ ಹೂವು ಆಗ್ತೈತಲ್ಲ, ಅರ್ಧಕ್ಕ ಹೆಂಗ ಬಿಡ್ಲಿ?

“ಪಾಸಾದ್ರಿ, ಸಾಕಮ್ಮಾ, ಇಳೀರಿ!” ಅಂತ ಪರೀಕ್ಷೆ ಮಾಡೋ ಸಾಹೇಬ್ರು ಓಡಿ ಬಂದ್ರು. ನನ್ನ ಬಾಯಾಗ ದಿನದ ಮಾತು ಬಂದಬಿಡ್ತು: “ಸಾಹೇಬ್ರ, ರಂಗೋಲಿ ತುಳೀಬ್ಯಾಡ್ರೀ!”

ಪಾಪ, ಅವ್ರ ಮನ್ಯಾಗೂ ಇದ ಮಾತು ಕೇಳಿ ಬೆಳದಿರ್ಬೇಕು. ಎತ್ತಿದ ಕಾಲು ಎತ್ತಿದಂಗ ನಿಂತ್ರು. ಒಂಟಿಗಾಲ್ಲೆ ಅತ್ತಾಗ ವಾಲಿದ್ರು, ಇತ್ತಾಗ ವಾಲಿದ್ರು.

ಆವತ್ತು ಇಡೀ ಮೈದಾನದಾಗ ಕಾಲು ಊರಿದವ್ರು ಅವ್ರೊಬ್ರ.